ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಗೆ ಎಷ್ಟು ಲೀಟರಿನ ಫ್ರೀಜರ್ ಬೇಕು?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಪ್ ಫ್ರೀಜರಿನ ಬಗ್ಗೆಯೇ ಇವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ನಮ್ಮದು ಮೂಡಿಗೆರೆ ಹತ್ತಿರದ ತೋಟದ ಮನೆ. ಆರು ಜನ ಇದ್ದೇವೆ. ವರ್ಷಕ್ಕೆ ಮೂರ್ನಾಲ್ಕು ಸಲ ಇಪ್ಪತ್ತೈದು ಕೆ.ಜಿ. ತನಕ ಹಂದಿ ಮಾಂಸ ಒಂದೇ ದಿನ ಬರುತ್ತೆ. ಮೇ ಕೊನೆಗೆ ಮೀನೂ ತಂದಿಟ್ಟುಕೊಳ್ಳುತ್ತೇವೆ. ಅಂಗಡಿಯವರು 400 ಲೀಟರಿನ ಗಾಜಿನ ಮುಚ್ಚಳದ್ದೇ ತಗೊಳ್ಳಿ, ಆಮೇಲೆ ಸಾಲದೆ ಹೋದೀತು ಅಂತಾರೆ. ಅಷ್ಟು ದೊಡ್ಡದು ಬೇಕಾ?

ಬೇಡ. 200 ಲೀಟರಿನ ಪೆಟ್ಟಿಗೆ ಸಾಕು. ಗಾಜಿನ ಮುಚ್ಚಳವಂತೂ ಬೇಡವೇ ಬೇಡ.

ಮೊದಲು ಜಾಗದ ಲೆಕ್ಕ ಹಾಕೋಣ. ಚಪ್ಪಟೆಯಾಗಿ ಕಟ್ಟಿದ ಮಾಂಸದ ಪೊಟ್ಟಣ ಒಂದು ಲೀಟರ್ ಜಾಗದಲ್ಲಿ ಸುಮಾರು 600 ಗ್ರಾಂ ಹಿಡಿಯುತ್ತದೆ. ಮೀನು, ಕೋಳಿಯಂಥ ಅಂಕುಡೊಂಕು ಸಾಮಾನಾದರೆ 500 ಗ್ರಾಂ. ನಿಮ್ಮ ಮನೆಯಲ್ಲಿ ಎಲ್ಲವೂ ಒಟ್ಟಿಗೆ ತುಂಬಿರುವ ದಿನ ಯಾವುದೋ ಅದನ್ನು ನೆನಪಿಸಿಕೊಳ್ಳಿ. ಹಂದಿ ಮಾಂಸ 25 ಕೆ.ಜಿ.ಗೆ 42 ಲೀಟರ್, ಮೀನು 12 ಕೆ.ಜಿ.ಗೆ 24, ಕೋಳಿ 6 ಕೆ.ಜಿ.ಗೆ 12, ಅವರೆಕಾಳು 8 ಕೆ.ಜಿ.ಗೆ 14, ಕಾಯಿತುರಿ 3 ಕೆ.ಜಿ.ಗೆ 6. ಕೂಡಿದರೆ 98 ಲೀಟರ್. ಬುಟ್ಟಿ, ಸಂದುಗೊಂದು, ನೀರಿನ ಬಾಟಲಿಗಳಿಗೆಂದು ಮೂರನೇ ಒಂದು ಪಾಲು ಸೇರಿಸಿ: 130. ಪೆಟ್ಟಿಗೆಯ ಒಳಗೆ ಒಂದು ಬದಿ ಮೆಟ್ಟಿಲಿನಂತೆ ಎದ್ದಿರುತ್ತದೆ, ಅದರ ಕೆಳಗೆ ಕಂಪ್ರೆಸರ್ ಕೂತಿರುತ್ತದೆ. ಹೊರಗೆ ಅಂಟಿಸಿದ ಲೀಟರಿನ ಸಂಖ್ಯೆ ಒಟ್ಟು ಅಳತೆಯೋ ಬಳಕೆಗೆ ಸಿಗುವ ಅಳತೆಯೋ ಅಂತ ಕೇಳಿಯೇ ತೆಗೆದುಕೊಳ್ಳಿ. ಬಳಕೆಗೆ ಸಿಗುವುದನ್ನು ನೆಟ್ ಕೆಪಾಸಿಟಿ ಅನ್ನುತ್ತಾರೆ.

ಇನ್ನು ಮುಖ್ಯ ಲೆಕ್ಕ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮನೆ ಫ್ರೀಜರ್ ಇರುವುದು ಹೆಪ್ಪುಗಟ್ಟಿದ್ದನ್ನು ಹಾಗೇ ಇಟ್ಟುಕೊಳ್ಳಲು. ಬೆಚ್ಚಗಿರುವುದನ್ನು ಹೆಪ್ಪುಗಟ್ಟಿಸುವ ಶಕ್ತಿ ಅದಕ್ಕೆ ಅಷ್ಟಕ್ಕಷ್ಟೆ. ಒಂದು ದಿನಕ್ಕೆ, ಅಂದರೆ 24 ಗಂಟೆಗೆ, ಲೀಟರಿಗೆ 50 ಗ್ರಾಂ ಮೀರಿ ಹೊಸ ಸಾಮಾನು ಹಾಕಬಾರದು. 200 ಲೀಟರಿಗೆ 10 ಕೆ.ಜಿ., 300 ಲೀಟರಿಗೆ 15. ಕೆಲವು ಕಂಪನಿಯವರು ಹಿಂಬದಿಯ ತಗಡಿನ ಪಟ್ಟಿಯಲ್ಲಿ ಫ್ರೀಜಿಂಗ್ ಕೆಪಾಸಿಟಿ ಎಂದು 24 ಗಂಟೆಯ ಕೆ.ಜಿ. ಲೆಕ್ಕವನ್ನೇ ಕೊಟ್ಟಿರುತ್ತಾರೆ. ಇದ್ದರೆ ಅದನ್ನೇ ನಂಬಿ.

ಯಾಕೆ ಹೀಗೆ? ಹತ್ತು ಕೆ.ಜಿ. ಮಾಂಸವನ್ನು 25 ಡಿಗ್ರಿಯಿಂದ -18 ಡಿಗ್ರಿಗೆ ಇಳಿಸಲು ಸುಮಾರು ಒಂದು ಯೂನಿಟ್ ಕರೆಂಟಿಗೆ ಸಮನಾದ ಶಾಖವನ್ನು ಅದರಿಂದ ಹೊರಗೆಳೆಯಬೇಕು. ಅದರಲ್ಲಿ ಮೂರರಲ್ಲಿ ಎರಡು ಪಾಲು ಮಾಂಸದೊಳಗಿನ ನೀರು ಮಂಜುಗಡ್ಡೆಯಾಗುವ ಹಂತದಲ್ಲೇ ಖರ್ಚಾಗುತ್ತದೆ. ಇಪ್ಪತ್ತೈದು ಕೆ.ಜಿ.ಯನ್ನು ಒಮ್ಮೆಲೇ ತುರುಕಿದರೆ ಮಾಂಸ -1 ಮತ್ತು -5 ಡಿಗ್ರಿಯ ನಡುವೆ ಗಂಟೆಗಟ್ಟಲೆ ತಿಣುಕುತ್ತದೆ. ಆ ನಡುವಿನಲ್ಲೇ ಮಂಜಿನ ಹರಳುಗಳು ದಪ್ಪಗೆ ಬೆಳೆದು ಮಾಂಸದ ಎಳೆಗಳನ್ನು ಸೀಳುತ್ತವೆ. ಆಮೇಲೆ ಕರಗಿಸಿದಾಗ ತಟ್ಟೆಯಲ್ಲಿ ಕೆಂಪು ನೀರು ನಿಲ್ಲುತ್ತದಲ್ಲ, ಅದು ಹೀಗೆ ಸೋರಿಹೋದ ರಸ. ಸಾರಿಗೆ ಹಾಕಿದರೆ ಮಾಂಸ ನಾರುನಾರು. ಅಷ್ಟೇ ಅಲ್ಲ, ಮೊದಲೇ ಒಳಗಿದ್ದ ಮೀನು, ಕೋಳಿಯೂ ಈ ಬಿಸಿಗೆ ಮೆತ್ತಗಾಗಿ ಮತ್ತೆ ಗಟ್ಟಿಯಾಗುತ್ತವೆ.

ಹಾಗಾದರೆ 25 ಕೆ.ಜಿ.ಗೆ 500 ಲೀಟರ್ ಬೇಕಲ್ಲ ಅನ್ನಬಹುದು. ವರ್ಷಕ್ಕೆ ನಾಲ್ಕು ದಿನದ ಅವಸರಕ್ಕೆ 361 ದಿನ ಖಾಲಿ ಡಬ್ಬಿಗೆ ಕರೆಂಟು ಸುಡುವುದು ಬೇಡ. ಬದಲಿಗೆ ಎರಡು ಮೂರು ದಿನಕ್ಕೆ ಹಂಚಿ. ಹಿಂದಿನ ದಿನವೇ ಫ್ರೀಜರಿನ ಗುಂಡಿಯನ್ನು ಅತಿ ತಣ್ಣನೆಯ ಗುರುತಿಗೆ ತಿರುಗಿಸಿಡಿ. ಮಾಂಸವನ್ನು ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟೇ, ಅರ್ಧ ಅಥವಾ ಒಂದು ಕೆ.ಜಿ.ಯಂತೆ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಚೀಲವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ಎರಡು ಬೆರಳು ದಪ್ಪಕ್ಕೆ ಚಪ್ಪಟೆ ಮಾಡಿ. ತಳದಿಂದ ಬಾಯಿಯ ಕಡೆಗೆ ಕೈಯಾಡಿಸುತ್ತ ಗಾಳಿ ಹೊರಡಿಸಿ ಗಂಟು ಹಾಕಿ. ಮೊದಲ ದಿನ 10 ಕೆ.ಜಿ. ಫ್ರೀಜರಿಗೆ, ಒಳಗೋಡೆಗೆ ತಾಗುವಂತೆ ನಿಲ್ಲಿಸಿ ಇಡಿ. ಉಳಿದದ್ದು ಫ್ರಿಜ್ಜಿನ ಕೆಳತಟ್ಟಿನಲ್ಲಿ, 4 ಡಿಗ್ರಿ ಮೀರದ ಹಾಗೆ. ಅಲ್ಲಿ ಹಿಡಿಸದಿದ್ದರೆ ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಡಬ್ಬಿ. ಎರಡನೇ ದಿನ ಇನ್ನು 10, ಮೂರನೇ ದಿನ ಉಳಿದ 5. ಹಸಿ ಹಂದಿ ಮಾಂಸ ಫ್ರಿಜ್ಜಿನಲ್ಲಿ ಮೂರು ದಿನ ತಡೆಯುತ್ತದೆ. ಕೋಳಿ, ಮೀನು ಒಂದೆರಡು ದಿನವಷ್ಟೆ. ಎರಡೂ ಒಟ್ಟಿಗೆ ಬಂದರೆ ಮೊದಲ ಸರದಿ ಮೀನು, ಕೋಳಿಗೆ.

ಗಾಜಿನ ಮುಚ್ಚಳ ಐಸ್‌ಕ್ರೀಂ ಅಂಗಡಿಗೆ. ಗಿರಾಕಿಗೆ ಒಳಗಿರುವುದು ಕಾಣಬೇಕೆಂದು ಮಾಡಿದ್ದು. ಗಾಜಿನ ಮೂಲಕ ಶಾಖ ಒಳನುಗ್ಗುತ್ತದೆ, ಕರೆಂಟು ಹೋದರೆ ಬೇಗ ಕರಗುತ್ತದೆ. ಜುಲೈ ತಿಂಗಳ ನಿಮ್ಮ ಕಡೆಯ ತೇವದಲ್ಲಿ ಗಾಜಿನ ಮೇಲೆ ನೀರು ಹರಿದು ನೆಲ ಒದ್ದೆಯಾಗುತ್ತದೆ. ಮನೆಗೆ ಹಾರ್ಡ್ ಟಾಪ್ ಅನ್ನುವ ಗಟ್ಟಿ ಮುಚ್ಚಳದ್ದೇ ಸರಿ. ಬೀಗ, ತಳದಲ್ಲಿ ನೀರು ಬಿಡುವ ಬಿರಡೆ, ಚಕ್ರ, ಕನಿಷ್ಠ ಒಂದು ಬುಟ್ಟಿ ಇರುವುದನ್ನು ನೋಡಿಕೊಳ್ಳಿ.

ಮೀನಿನ ಬಗ್ಗೆ ಒಂದು ಮಾತು. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆ ಎರಡು ತಿಂಗಳಿಗೆಂದು ಇಡುವುದಾದರೆ ಬಂಗುಡೆ, ಬೂತಾಯಿ ಸರಿಹೋಗುತ್ತವೆ, ಅದಕ್ಕಿಂತ ಮುಂದೆ ಎಳೆಯಬೇಡಿ. ಎಣ್ಣೆಯಂಶದ ಮೀನು -18ರಲ್ಲೂ ಎರಡು ಮೂರು ತಿಂಗಳಿಗೆ ಕಮಟು ಹಿಡಿಯುತ್ತದೆ. ಕಾಣೆಯಂಥ ಎಣ್ಣೆ ಕಡಿಮೆ ಇರುವ ಮೀನು ನಾಲ್ಕರಿಂದ ಆರು ತಿಂಗಳು ಬರುತ್ತದೆ. ಕೊಬ್ಬಿನ ಹಂದಿ ಮಾಂಸಕ್ಕೂ ಆರು ತಿಂಗಳೇ ಕೊನೆ. ಪೊಟ್ಟಣದ ಮೇಲೆ ತಾರೀಖು ಬರೆಯಿರಿ.

ಹಾಸನದಲ್ಲಿ ಇರೋದು ನಾವಿಬ್ಬರೇ, ವಯಸ್ಸಾಗಿದೆ. ನನಗೆ ಮಂಡಿ ನೋವು, ಬಗ್ಗೋಕಾಗಲ್ಲ. ಅವರೆಕಾಳು, ಬಟಾಣಿ, ಕಾಯಿತುರಿ, ಮಕ್ಕಳು ಬಂದಾಗಿನ ತಿಂಡಿ ಇಷ್ಟು ಇಡಬೇಕು. ಮಗ ಪೆಟ್ಟಿಗೆ ಥರದ್ದು ಕಳಿಸ್ತೀನಿ ಅಂತಾನೆ. ಬೀರು ಥರ ನಿಂತಿರೋದು ಒಳ್ಳೇದಾ?

ನಿಮಗೆ ನಿಂತಿರುವುದೇ ಒಳ್ಳೆಯದು, 80ರಿಂದ 100 ಲೀಟರ್, ಎಳೆಯುವ ಡ್ರಾಯರ್ ಇರುವಂಥದ್ದು. ಪೆಟ್ಟಿಗೆಯ ತಳದಲ್ಲಿರುವುದನ್ನು ತೆಗೆಯಲು ಸೊಂಟ ಬಗ್ಗಿಸಿ ತಲೆ ಒಳಗೆ ಹಾಕಬೇಕು. ಮೇಲಿನ ಹತ್ತು ಪೊಟ್ಟಣ ಎತ್ತಿ ಕೆಳಗಿಡಬೇಕು. ಆ ಕಷ್ಟಕ್ಕೆ ತಳದ ಸಾಮಾನು ವರ್ಷಗಟ್ಟಲೆ ಅಲ್ಲೇ ಉಳಿದುಬಿಡುತ್ತದೆ.

ಪೆಟ್ಟಿಗೆಗೆ ಇರುವ ಲಾಭ ಇಷ್ಟು: ತಣ್ಣನೆಯ ಗಾಳಿ ಭಾರ, ಮುಚ್ಚಳ ತೆಗೆದರೂ ಒಳಗೇ ಕೂತಿರುತ್ತದೆ. ಬಾಗಿಲಿನದ್ದರಲ್ಲಿ ತೆಗೆದ ಕೂಡಲೇ ಪಾದದ ಮೇಲೆ ತಣ್ಣಗೆ ಸುರಿಯುತ್ತದಲ್ಲ, ಅದು ನೀವು ದುಡ್ಡು ಕೊಟ್ಟ ತಂಪು. ಡ್ರಾಯರ್ ಇದ್ದರೆ ಅದರ ಒಳಗಿನ ಗಾಳಿಯಾದರೂ ಉಳಿಯುತ್ತದೆ. ಬರೀ ತಂತಿಯ ತಟ್ಟು ಇರುವುದನ್ನು ಬಿಡಿ.

ನಿಂತಿರುವ ಫ್ರೀಜರಿನಲ್ಲಿ ಎರಡು ಬಗೆ. ಫ್ರಾಸ್ಟ್ ಫ್ರೀ ಆದರೆ ಒಳಗೆ ಫ್ಯಾನು, ಹೀಟರು ಇದ್ದು ಮಂಜು ತಾನಾಗೇ ಕರಗುತ್ತದೆ. ನಿಮಗೆ ಕೆರೆಯುವ ಕೆಲಸವಿಲ್ಲ. ಆದರೆ ಆ ಒಣಗಾಳಿ ಸರಿಯಾಗಿ ಕಟ್ಟದ ಸಾಮಾನಿನ ನೀರನ್ನು ಹೀರುತ್ತದೆ. ರೊಟ್ಟಿ ಅಂಚಿನಲ್ಲಿ ಬಿಳಿಚಿಕೊಂಡು ರಟ್ಟಾಗುತ್ತದೆ. ಹಾಗಾಗಿ ಗಾಳಿಯಾಡದ ಡಬ್ಬಿ, ಜಿಪ್ ಚೀಲ ಕಡ್ಡಾಯ. ಡೈರೆಕ್ಟ್ ಕೂಲ್ ಬಗೆ ಅಗ್ಗ. ಹಲವು ಮಾಡೆಲ್‌ಗಳಲ್ಲಿ ತಟ್ಟಿನ ಕೊಳವೆಯೇ ತಣ್ಣಗಾಗುವುದರಿಂದ ಅದಕ್ಕೆ ತಾಗಿದ ಸಾಮಾನು ಬೇಗ ಹೆಪ್ಪುಗಟ್ಟುತ್ತದೆ, ಆದರೆ ವರ್ಷಕ್ಕೆ ಎರಡು ಮೂರು ಸಲ ಖಾಲಿ ಮಾಡಿ ಮಂಜು ಇಳಿಸಬೇಕು. ಮಂಡಿ ನೋವಿನವರಿಗೆ ಫ್ರಾಸ್ಟ್ ಫ್ರೀಯೇ ಸಲಹೆ.

ಮಗ ಪೆಟ್ಟಿಗೆಯನ್ನೇ ಕಳಿಸಿಬಿಟ್ಟರೆ 100 ಲೀಟರಿನ ಸಣ್ಣದು ಸಾಕೆಂದು ಹೇಳಿ. ಅಳತೆಗೆ ಮಾಡಿಸಿದ ಗಟ್ಟಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅರ್ಧ ಅಡಿ ಎತ್ತರಿಸಿ ಇಟ್ಟುಕೊಳ್ಳಿ. ಕಾಳಿಗೊಂದು, ತಿಂಡಿಗೊಂದು ಬಣ್ಣದ ಬಟ್ಟೆ ಚೀಲ ಮಾಡಿ, ಹಿಡಿ ಮೇಲೆ ಬರುವಂತೆ ಇಳಿಬಿಟ್ಟರೆ ಕೈಹಾಕಿ ಹುಡುಕುವುದು ತಪ್ಪುತ್ತದೆ.

ಬೇಲೂರಿನಿಂದ: ನಮ್ಮ ಸಿಂಗಲ್ ಡೋರ್ ಫ್ರಿಜ್ಜಿಗೆ ಐದು ಸ್ಟಾರ್ ಇದೆ. ಅದರ ಐಸ್ ಬಾಕ್ಸ್‌ನಲ್ಲೇ ಕೋಳಿ ಎರಡು ತಿಂಗಳು ಇಡಬಹುದಾ?

ಬೇಡ. ಬಾಗಿಲಿನ ಮೇಲೆ ಅಂಟಿಸಿರುವ ಐದು ಸ್ಟಾರ್ ಕರೆಂಟು ಉಳಿತಾಯದ್ದು, ತಂಪಿನದ್ದಲ್ಲ. ತಂಪಿನ ಗುರುತು ಬೇರೆ, ಐಸ್ ಬಾಕ್ಸ್‌ನ ಮುಚ್ಚಳದ ಮೇಲೋ ಒಳಗೋ ಮಂಜಿನ ನಕ್ಷತ್ರದಂತೆ ಅಚ್ಚಾಗಿರುತ್ತದೆ: ಒಂದಿದ್ದರೆ -6 ಡಿಗ್ರಿ, ಎರಡಿದ್ದರೆ -12, ಮೂರಿದ್ದರೆ -18. ನಾಲ್ಕಿದ್ದರೆ -18ರ ಜೊತೆಗೆ ಹೊಸ ಸಾಮಾನನ್ನು ಹೆಪ್ಪುಗಟ್ಟಿಸುವ ಶಕ್ತಿಯೂ ಇದೆ ಎಂದರ್ಥ. -6ರಲ್ಲಿ ಒಂದು ವಾರ, -12ರಲ್ಲಿ ಒಂದು ತಿಂಗಳು ಅಂತ ಇಟ್ಟುಕೊಳ್ಳಿ. ಐಸ್‌ಕ್ರೀಂ ಚಮಚ ತಾಗಿದರೆ ಮೆತ್ತಗಿದೆಯೇ? ಹಾಗಿದ್ದರೆ ಅಲ್ಲಿ ಮಾಂಸಕ್ಕೆ ತಿಂಗಳುಗಟ್ಟಲೆ ಜಾಗವಿಲ್ಲ.

ಕಳಸ ಕಡೆಯವರು ನಾವು. ಜುಲೈ, ಆಗಸ್ಟ್‌ನಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟಿರಲ್ಲ. ಇಂಥ ಕಡೆ ಫ್ರೀಜರ್ ತಗೊಳ್ಳೋದೇ ದಂಡವಾ?

ದಂಡವಲ್ಲ, ಆದರೆ ಆಯ್ಕೆಯನ್ನು ಆ ಮೂರು ದಿನದ ಮೇಲೇ ಮಾಡಬೇಕು. ನಿಮ್ಮಲ್ಲಿ ಗಟ್ಟಿ ಮುಚ್ಚಳದ ಪೆಟ್ಟಿಗೆ ಬಿಟ್ಟು ಬೇರೆ ಯೋಚನೆಯೇ ಬೇಡ. ಅದೂ ನಿಮ್ಮ ಸಾಮಾನಿಗೆ ಭರ್ತಿಯಾಗುವಷ್ಟು ಸಣ್ಣದು. ಭರ್ತಿಯಾದ ಫ್ರೀಜರ್ ಮುಚ್ಚಳ ತೆಗೆಯದಿದ್ದರೆ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. 300 ಲೀಟರಿನ ಡಬ್ಬಿಯಲ್ಲಿ 30 ಕೆ.ಜಿ. ಸಾಮಾನು ಅಂದರೆ ಮೊದಲ ದಿನವೇ ಅಪಾಯ.

ಖಾಲಿ ಜಾಗವಿದ್ದರೆ ನೀರು ತುಂಬಿಸಿ. ಒಂದು ಲೀಟರಿನ ಬಾಟಲಿಗೆ ಮುಕ್ಕಾಲು ಭಾಗ ನೀರು ಹಾಕಿ ಮುಚ್ಚಿಡಿ. ಪೂರ್ತಿ ತುಂಬಿದರೆ ಹೆಪ್ಪುಗಟ್ಟಿ ಹಿಗ್ಗಿ ಒಡೆಯುತ್ತದೆ. ದಿನಕ್ಕೆ ಮೂರ್ನಾಲ್ಕರಂತೆ ಮೇ ತಿಂಗಳಲ್ಲೇ ಗಟ್ಟಿ ಮಾಡಿಕೊಳ್ಳಿ. ಒಂದು ಕೆ.ಜಿ. ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಶಾಖ ನುಂಗುತ್ತದೆ. 200 ಲೀಟರಿನ ಒಳ್ಳೆಯ ಪೆಟ್ಟಿಗೆಗೆ ಹತ್ತು ಕೆ.ಜಿ. ಮಂಜು ಇದ್ದರೆ ಹೆಚ್ಚುಕಡಿಮೆ ಒಂದು ದಿನದ ಆಸರೆ. ಇನ್ನೂ ಒಂದು ಉಪಾಯವಿದೆ. ನೀರಿಗೆ ಲೀಟರಿಗೆ 100 ಗ್ರಾಂನಂತೆ ಉಪ್ಪು ಕದಡಿ ಹೆಪ್ಪುಗಟ್ಟಿಸಿ. ಬರೀ ನೀರಿನ ಗಡ್ಡೆ 0 ಡಿಗ್ರಿಗೆ ಕರಗಿದರೆ ಇದು -6 ತಲುಪುವ ಹೊತ್ತಿಗೇ ಪೂರ್ತಿ ಕರಗಿರುತ್ತದೆ. ಅಂದರೆ ಮಾಂಸ ಇನ್ನೂ ಗಟ್ಟಿಯಾಗಿರುವಾಗಲೇ ಶಾಖ ಹೀರಲು ಶುರುಮಾಡುತ್ತದೆ. ಬಾಟಲಿಯ ಮೇಲೆ ಉಪ್ಪುನೀರು ಎಂದು ದಪ್ಪಗೆ ಬರೆಯಿರಿ, ಯಾರಾದರೂ ಕುಡಿದಾರು.

ಕರೆಂಟು ಹೋದಾಗ ಮುಚ್ಚಳದ ಮೇಲೆ, ಸುತ್ತ ಕಂಬಳಿ ಹೊದಿಸಬಹುದು. ಆದರೆ ಬಂದ ಕೂಡಲೇ ತೆಗೆಯಲೇಬೇಕು. ಪೆಟ್ಟಿಗೆ ಫ್ರೀಜರ್ ಶಾಖ ಬಿಡುವುದು ತನ್ನ ಹೊರಗೋಡೆಯ ಮೂಲಕವೇ. ಕೊಳವೆಗಳು ತಗಡಿನ ಹಿಂದೆ ಇರುತ್ತವೆ. ಕಂಬಳಿ ಹಾಗೇ ಇದ್ದರೆ ಕಂಪ್ರೆಸರ್ ಕಾದು ಸುಟ್ಟೀತು.

ಸಣ್ಣ ಜನರೇಟರ್ ಇದ್ದರೆ ದಿನವಿಡೀ ಓಡಿಸಬೇಕಿಲ್ಲ. ಬೆಳಿಗ್ಗೆ ಎರಡು ಮೂರು ಗಂಟೆ, ಸಂಜೆ ಅಷ್ಟೇ. ಅದನ್ನು ಮನೆಯೊಳಗೆ, ಮುಚ್ಚಿದ ಜಗಲಿಯಲ್ಲಿ, ಕಿಟಕಿಯ ಕೆಳಗೆ ಎಂದೂ ಇಡಬೇಡಿ. ಅದರ ಹೊಗೆಯಲ್ಲಿ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಮಲಗಿದಲ್ಲೇ ಜೀವ ತೆಗೆಯುತ್ತದೆ. ಮಳೆಗೆಂದು ಒಳಗೆಳೆಯುವ ಬದಲು ಮನೆಯಿಂದ ದೂರ ಒಂದು ತಗಡಿನ ಮಾಡು ಹಾಕಿಸಿ.

ಫ್ರೀಜರನ್ನು ಮನೆಯ ಬ್ಯಾಟರಿ ಯುಪಿಎಸ್‌ಗೆ ಹಾಕಬಹುದೇ ಎಂದು ಹಲವರು ಕೇಳಿದ್ದಾರೆ. ಓಡುವಾಗ ಫ್ರೀಜರ್ ಎಳೆಯುವುದು 150 ವ್ಯಾಟ್ ಆಸುಪಾಸು, ಆದರೆ ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು. ಸಣ್ಣ ಯುಪಿಎಸ್ ಅಲ್ಲೇ ಟ್ರಿಪ್ ಆಗುತ್ತದೆ. ಪ್ಯೂರ್ ಸೈನ್ ವೇವ್, 1000 ವಿ.ಎ. ಮೇಲಿನದು ಬೇಕು. ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಮೋಟರು ಗುಂಯ್‌ಗುಟ್ಟಿ ಕಾಯುತ್ತದೆ. 12 ವೋಲ್ಟಿನ 150 ಎ.ಎಚ್. ಬ್ಯಾಟರಿಯಲ್ಲಿ ನಿಜವಾಗಿ ಬಳಸಬಹುದಾದದ್ದು ಸುಮಾರು 1200 ವ್ಯಾಟ್-ಅವರ್. ಫ್ರೀಜರ್ ಅರ್ಧ ಹೊತ್ತು ಓಡಿ ಅರ್ಧ ಹೊತ್ತು ನಿಲ್ಲುತ್ತದೆ ಎಂದರೂ ಹದಿನಾರು ಗಂಟೆ, ಅದೂ ಬಲ್ಬು, ಫ್ಯಾನು ಆರಿಸಿದ್ದರೆ. ಹೊಸದಾಗಿ ಕೊಳ್ಳುವವರು ಇನ್ವರ್ಟರ್ ಕಂಪ್ರೆಸರ್ ಇರುವ ಫ್ರೀಜರ್ ಸಿಕ್ಕರೆ ಅದನ್ನೇ ನೋಡಿ. ಅದು ನಿಧಾನಕ್ಕೆ ಶುರುವಾಗುತ್ತದೆ, ಎಳೆತ ಕಡಿಮೆ.

ಕರೆಂಟು ಬಂದು ಹೋಗಿ ಮಾಡುವಾಗ ಪ್ಲಗ್ ಕಿತ್ತಿಡಿ. ಕಂಪ್ರೆಸರ್ ನಿಂತ ಮೇಲೆ ಕೊಳವೆಯ ಎರಡು ಬದಿಯ ಒತ್ತಡ ಸಮವಾಗಲು ಮೂರು ನಿಮಿಷವಾದರೂ ಬೇಕು. ಅಷ್ಟರಲ್ಲೇ ಮತ್ತೆ ಕರೆಂಟು ಬಂದರೆ ಮೋಟರು ತಿರುಗಲಾರದೆ ಟಕ್ ಟಕ್ ಎಂದು ಕಡಿದುಕೊಳ್ಳುತ್ತದೆ. ನಿಮ್ಮ ಕಡೆಯ ಫ್ರೀಜರ್‌ಗಳು ಕೆಡುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಮೂರರಿಂದ ಐದು ನಿಮಿಷ ತಡಮಾಡಿ ಕರೆಂಟು ಬಿಡುವ, ಟೈಮ್ ಡಿಲೇ ಇರುವ ಸ್ಟೆಬಿಲೈಜರ್ ಹಾಕಿಸಿ. ಫ್ರೀಜರ್ ಕೊಳ್ಳುವ ದಿನವೇ ಹಾಕಿಸಿ.

ನೀವು ಊರಲ್ಲಿಲ್ಲದಾಗ ಏನಾಯಿತೆಂದು ತಿಳಿಯಲು ಒಂದು ಲೋಟ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಒಳಗೇ ಬಿಡಿ. ಬಂದು ನೋಡಿದಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ತಳಕ್ಕಿಳಿದು ಹೆಪ್ಪಿನಲ್ಲಿ ಸಿಕ್ಕಿಕೊಂಡಿದ್ದರೆ ನಡುವೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆ ಮಾಂಸ, ಮೀನು ಬೇಡ. ಕಣ್ಣೆದುರಿಗೇ ಕರಗುತ್ತಿದ್ದರೆ, ಪೊಟ್ಟಣದೊಳಗೆ ಇನ್ನೂ ಮಂಜಿನ ಹರಳು ಕಾಣುತ್ತಿದ್ದರೆ ಅಥವಾ 4 ಡಿಗ್ರಿ ಮೀರದಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು, ರುಚಿ ಸ್ವಲ್ಪ ಕಡಿಮೆಯಾದೀತು ಅಷ್ಟೆ. 4 ಡಿಗ್ರಿಯ ಮೇಲೆ ಎರಡು ಗಂಟೆ ಕಳೆದಿದ್ದರೆ ಎಸೆಯಿರಿ. ಮೂಸಿ ನೋಡಿ ತೀರ್ಮಾನಿಸಬೇಡಿ, ಕಾಯಿಲೆ ತರುವ ಕ್ರಿಮಿಗೆ ವಾಸನೆ ಇರಲೇಬೇಕೆಂದಿಲ್ಲ.

ಹೊಳೆನರಸೀಪುರದಿಂದ: ಮಾಗಿಯಲ್ಲಿ ಅವರೆಕಾಳು ಬಿಡಿಸಿ ಕವರಿಗೆ ಹಾಕಿ ಫ್ರೀಜರಿನಲ್ಲಿಟ್ಟೆ. ಮೂರು ತಿಂಗಳಿಗೆ ಹಳದಿಯಾಗಿ ಒಣಹುಲ್ಲಿನ ವಾಸನೆ ಬಂತು. ಫ್ರೀಜರ್ ಸರಿಯಿಲ್ವಾ?

ಫ್ರೀಜರ್ ಸರಿಯಿದೆ, ಕಾಳನ್ನು ಕುದಿನೀರಿಗೆ ಹಾಕದೆ ಇಟ್ಟಿರಿ. ಹಸಿ ಕಾಳಿನೊಳಗಿನ ಕಿಣ್ವಗಳು -18ರಲ್ಲೂ ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗಿ ಬಣ್ಣ, ರುಚಿ ಕೆಡಿಸುತ್ತವೆ. ಅವನ್ನು ಬಿಸಿಯಿಂದ ಮೊದಲೇ ಸುಮ್ಮನಾಗಿಸಬೇಕು.

ದೊಡ್ಡ ಪಾತ್ರೆಯಲ್ಲಿ 4 ಲೀಟರ್ ನೀರು ತಳಮಳ ಕುದಿಸಿ. ಒಂದು ಸಲಕ್ಕೆ ಅರ್ಧ ಕೆ.ಜಿ. ಕಾಳು ಮಾತ್ರ. ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಮುಳುಗಿಸಿದರೆ ಒಮ್ಮೆಲೇ ಎತ್ತಲು ಸುಲಭ. ನೀರು ಒಂದು ನಿಮಿಷದೊಳಗೆ ಮತ್ತೆ ಕುದಿಗೆ ಬರಬೇಕು, ಬರದಿದ್ದರೆ ಕಾಳು ಹೆಚ್ಚಾಯಿತು. ಕುದಿ ಬಂದಲ್ಲಿಂದ ಗಡಿಯಾರ ನೋಡಿ: ಸಣ್ಣ ಕಾಳಿಗೆ 2 ನಿಮಿಷ, ಮಧ್ಯಮಕ್ಕೆ 3, ದಪ್ಪ ಬಲಿತದ್ದಕ್ಕೆ 4. ಸಿಪ್ಪೆ ತೆಗೆದ ಹಿತಕಿದ ಬೇಳೆ ಬೇಗ ಮೆತ್ತಗಾಗುತ್ತದೆ, ಒಂದೂವರೆ ನಿಮಿಷ ಸಾಕು. ತಕ್ಷಣ ಮಂಜುಗಡ್ಡೆ ಹಾಕಿದ ನೀರಿಗೆ ಅಷ್ಟೇ ಹೊತ್ತು. ಆಮೇಲೆ ಬಟ್ಟೆಯ ಮೇಲೆ ಹರಡಿ ನೀರು ಆರಿಸಿ. ತೇವ ಉಳಿದರೆ ಕಾಳೆಲ್ಲ ಒಂದು ಹೆಂಟೆಯಾಗುತ್ತದೆ. ತಟ್ಟೆಯಲ್ಲಿ ಒಂದೇ ಪದರ ಹರಡಿ ಎರಡು ಮೂರು ಗಂಟೆ ಫ್ರೀಜರಿನಲ್ಲಿಟ್ಟು, ಗೋಲಿಯಂತೆ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ತೆಗೆಯಿರಿ. ಎಂಟು ತಿಂಗಳು ಹಸಿರಾಗೇ ಇರುತ್ತದೆ. ಬಳಸುವಾಗ ಕರಗಿಸದೆ ನೇರ ಕುದಿಯುವ ಸಾರಿಗೆ ಹಾಕಿ. ಸೊಗಡಿನ ಒಂದು ಪಾಲು ಕುದಿನೀರಿಗೇ ಹೋಗುತ್ತದೆ, ಅದಕ್ಕೆ ನಮ್ಮಲ್ಲೂ ಪರಿಹಾರವಿಲ್ಲ. ಕಾಲದಲ್ಲಿ ತಿಂದ ಅವರೆಯೇ ಅವರೆ.

ಕಳಲೆಯ ಬಗ್ಗೆ ಕೇಳಿದ ಕೊಪ್ಪದವರಿಗೂ ಇಲ್ಲೇ ಹೇಳಿಬಿಡುತ್ತೇವೆ: ಹಸಿಯಾಗಿ ಇಡಬೇಡಿ. ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿ ನೀರು ಬಸಿದು, ಆಮೇಲೆ ಫ್ರೀಜರಿಗೆ. ಹಸಿ ಕಳಲೆಯಲ್ಲಿ ಸೈನೈಡ್ ಹುಟ್ಟಿಸುವ ವಸ್ತು ಇರುತ್ತದೆ, ತಂಪು ಅದನ್ನು ತೆಗೆಯುವುದಿಲ್ಲ.

ನಮ್ಮ ಹೊಲದ ಆಲೂಗೆಡ್ಡೆ ಫ್ರೀಜರಿನಲ್ಲಿ ಇಡಬಹುದಾ?

ಹಸಿಯದ್ದು ಇಡಬಾರದು. ಕರಗಿದಾಗ ಕಪ್ಪಾಗಿ ನೀರು ಬಿಡುತ್ತದೆ. ಬಿತ್ತನೆಯದ್ದಾದರೆ ಮೊಳಕೆಯೇ ಸಾಯುತ್ತದೆ. ಸಾರಿನಲ್ಲಿ ಬೆಂದ ಹೋಳು ಕೂಡ ಹೆಪ್ಪುಗಟ್ಟಿಸಿದರೆ ಮರಳುಮರಳು. ಸಾರನ್ನು ಇಡುವುದಾದರೆ ಆಲೂ ಬಿಟ್ಟು ಮಾಡಿ.

ಚನ್ನರಾಯಪಟ್ಟಣದಿಂದ: ನಮಗೆ ಗೃಹಜ್ಯೋತಿ ಇದೆ. ಫ್ರೀಜರ್ ತಂದರೆ ಬಿಲ್ ಬರುತ್ತಾ?

ಬರುವ ಸಾಧ್ಯತೆ ಹೆಚ್ಚು. ನಿಮಗೆ ಉಚಿತವಾಗಿ ಸಿಗುವುದು 200 ಯೂನಿಟ್ ಅಲ್ಲ, 2022–23ರ ನಿಮ್ಮ ತಿಂಗಳ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10. ಸರಾಸರಿ 90 ಇದ್ದರೆ ನಿಮ್ಮ ಮಿತಿ 99. ಗಟ್ಟಿ ಮುಚ್ಚಳದ 200 ಲೀಟರಿನ ಫ್ರೀಜರ್ ದಿನಕ್ಕೆ ಒಂದರಿಂದ ಒಂದೂವರೆ ಯೂನಿಟ್ ಎಂದರೆ ತಿಂಗಳಿಗೆ 30ರಿಂದ 45. ಈಗ 85 ಬಳಸುತ್ತಿದ್ದರೆ 115ರಿಂದ 130ಕ್ಕೆ ಏರುತ್ತದೆ, 16ರಿಂದ 31 ಯೂನಿಟ್ಟಿಗೆ ಹಣ ಕಟ್ಟುತ್ತೀರಿ. ಅದು ದೊಡ್ಡದಲ್ಲ. ಒಟ್ಟು ಬಳಕೆ 200 ದಾಟಿದರೆ ಮಾತ್ರ ಪೂರ್ತಿ ಬಿಲ್ಲು ನಿಮ್ಮದೇ. ಈಗಾಗಲೇ 160, 170ರಲ್ಲಿ ಇರುವವರು ಕೊಳ್ಳುವ ಮೊದಲು ಫ್ರೀಜರಿನ ಸ್ಟಾರ್ ಪಟ್ಟಿಯಲ್ಲಿ ಬರೆದ ವರ್ಷದ ಯೂನಿಟ್ಟನ್ನು 12ರಿಂದ ಭಾಗಿಸಿ ನೋಡಿ.

ಆಲೂರು ಕಡೆಯ ಹಳೇ ಮನೆ ನಮ್ಮದು. ಅಡುಗೆಮನೆಯಲ್ಲಿ ಜಾಗ ಇಲ್ಲ. ಜಗಲಿಯಲ್ಲೋ ಕಾಫಿ ಮೂಟೆ ಇಡುವ ಕೋಣೆಯಲ್ಲೋ ಇಡಬಹುದಾ?

ಮಳೆಯ ಇರಚಲು ಬೀಳದ ಕೋಣೆಯಾದರೆ ಇಡಬಹುದು. ಜಗಲಿ ಬೇಡ, ಎರಡು ಮಳೆಗಾಲಕ್ಕೆ ತಳದ ತಗಡು ತುಕ್ಕು ಹಿಡಿಯುತ್ತದೆ. ಎರಡು ಬದಿ, ಹಿಂದೆ ಗೋಡೆಯಿಂದ ನಾಲ್ಕರಿಂದ ಆರು ಇಂಚು ಬಿಡಿ. ಮೂಟೆಯನ್ನು ಒರಗಿಸಬೇಡಿ. ಹೊರಗೋಡೆ ಮುಟ್ಟಿದರೆ ಬೆಚ್ಚಗಿರುವುದು ಸಹಜ, ಅದು ಕೆಟ್ಟಿದ್ದಕ್ಕೆ ಗುರುತಲ್ಲ. ಹಿಂಬದಿಯ ಪಟ್ಟಿಯಲ್ಲಿ ಹವಾಮಾನದ ಅಕ್ಷರ ನೋಡಿ: ಎಸ್‌ಎನ್ ಇದ್ದರೆ ಸುತ್ತಲಿನ ಉಷ್ಣಾಂಶ 10ರಿಂದ 32 ಡಿಗ್ರಿಗೆ, ಎನ್ 16ರಿಂದ 32ಕ್ಕೆ, ಎಸ್‌ಟಿ 16ರಿಂದ 38ಕ್ಕೆ, ಟಿ 16ರಿಂದ 43ಕ್ಕೆ. ಶೀಟಿನ ಮಾಡು ಇದ್ದು ಏಪ್ರಿಲಿನಲ್ಲಿ ಕಾಯುವ ಕೋಣೆಗೆ, ಅರಸೀಕೆರೆ, ಕಡೂರಿನ ಬಿಸಿಲಿಗೆ ಟಿ ಬೇಕು.

ಕೊಳ್ಳುವ ಮೊದಲು ಬಾಗಿಲು ಅಳೆಯಿರಿ. ಹಳೇ ಮನೆಗಳ ಒಳಬಾಗಿಲು ಎರಡೂಕಾಲು ಅಡಿ ಇರುವುದೂ ಉಂಟು, 300 ಲೀಟರಿನ ಪೆಟ್ಟಿಗೆಯ ಅಗಲ ಅಷ್ಟಕ್ಕೇ ಹತ್ತಿರ. ಹೊಸ್ತಿಲು ಎತ್ತರವಿದ್ದರೆ ಓರೆ ಮಾಡಿ ದಾಟಿಸಬೇಕಾಗುತ್ತದೆ. ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದಿರುತ್ತದೆ. ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಟ್ಟು ಪ್ಲಗ್ ಹಾಕಿ. ಅರ್ತಿಂಗ್ ಸರಿಯಿರುವ ಸ್ವಂತ ಸಾಕೆಟ್ ಬೇಕು, ಎಕ್ಸ್‌ಟೆನ್ಶನ್ ಬೋರ್ಡು ಬೇಡ. ಅಟ್ಟದ ಮರದ ನೆಲಕ್ಕೆ ತುಂಬಿದ ಫ್ರೀಜರ್ ಹತ್ತಿಸಬೇಡಿ, ಮೂರು ನಾಲ್ಕು ಜನ ಒಂದೇ ಕಡೆ ಸದಾ ನಿಂತಷ್ಟು ಭಾರ.

ತರೀಕೆರೆಯಿಂದ: ಮೂರು ವರ್ಷದ ಪೆಟ್ಟಿಗೆ ಫ್ರೀಜರ್. ತಿಂಗಳಿಗೇ ಮಂಜು ದಪ್ಪ ಕಟ್ಟುತ್ತೆ, ಮುಚ್ಚಳದ ಹತ್ತಿರ ಜಾಸ್ತಿ. ಗ್ಯಾಸ್ ಹೋಗಿದೆಯಾ?

ಗ್ಯಾಸ್ ಹೋದರೆ ಮಂಜು ಕಟ್ಟುವುದೇ ಕಡಿಮೆಯಾಗುತ್ತದೆ, ಒಂದೇ ಮೂಲೆಯಲ್ಲಿ ಉಳಿಯುತ್ತದೆ. ನಿಮ್ಮದು ಮುಚ್ಚಳದ ರಬ್ಬರು. ಸಂದಿಯಲ್ಲಿ ನುಗ್ಗುವ ತೇವದ ಗಾಳಿಯೇ ಅಲ್ಲಿ ಮಂಜಾಗುತ್ತಿದೆ. ಹತ್ತು ರೂಪಾಯಿ ನೋಟನ್ನು ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು ಮುಚ್ಚಳ ಹಾಕಿ ಮೆಲ್ಲಗೆ ಎಳೆಯಿರಿ. ಹಿಡಿದು ಬರಬೇಕು. ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರು ಕೂತಿಲ್ಲ. ಹೀಗೆ ಸುತ್ತಲೂ ಅಂಗೈ ಅಗಲಕ್ಕೊಂದು ಸಲ ನೋಡುತ್ತ ಹೋಗಿ. ಜಿಡ್ಡು ಇದ್ದರೆ ಸೋಪಿನ ಬೆಚ್ಚನೆ ನೀರಲ್ಲಿ ಒರೆಸಿ. ಮಡಿಚಿಕೊಂಡಿದ್ದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ ನೆಟ್ಟಗೆ ಮಾಡಿ. ಬಿರುಕು ಬಿಟ್ಟಿದ್ದರೆ ಅದೇ ಮಾಡೆಲ್ಲಿನ ಹೊಸ ರಬ್ಬರು ಹಾಕಿಸಬೇಕು. ಮುಚ್ಚಳದ ಕೀಲು ಸಡಿಲವಾಗಿ ಒಂದು ಬದಿ ಎದ್ದಿದೆಯೇ ಎಂದೂ ನೋಡಿ.

ಮಂಜು ಅರ್ಧ ಸೆಂಟಿಮೀಟರ್ ದಪ್ಪವಾದರೆ ಇಳಿಸುವ ಸಮಯ. ಸಾಮಾನು ಕಡಿಮೆ ಇರುವ ದಿನ ನೋಡಿ, ಪ್ಲಗ್ ಕಿತ್ತು, ಪೊಟ್ಟಣಗಳನ್ನು ಒಟ್ಟೊಟ್ಟಿಗೆ ಕಂಬಳಿಯಲ್ಲಿ ಸುತ್ತಿಡಿ. ತಳದ ಬಿರಡೆ ತೆಗೆದು ಕೆಳಗೆ ತಟ್ಟೆ ಇಡಿ. ಬಿಸಿನೀರಿನ ಪಾತ್ರೆಯನ್ನು ಹಲಗೆಯ ಮೇಲೆ ಒಳಗಿಟ್ಟು ಮುಚ್ಚಳ ಹಾಕಿದರೆ ಅರ್ಧ ಗಂಟೆಯಲ್ಲಿ ಮಂಜು ಸಡಿಲವಾಗುತ್ತದೆ. ಆಮೇಲೆ ಮರದ ಸೌಟಿನಲ್ಲಿ ತಳ್ಳಿ. ಚಾಕು, ಸ್ಕ್ರೂಡ್ರೈವರ್ ಮುಟ್ಟಿಸಬೇಡಿ. ಈಚಿನ ಹೆಚ್ಚಿನ ಫ್ರೀಜರ್‌ಗಳಲ್ಲಿ ಇರುವುದು ಆರ್600ಎ, ಅಂದರೆ ಐಸೋಬ್ಯೂಟೇನ್, ಅಡುಗೆ ಗ್ಯಾಸಿನಂತೆ ಹೊತ್ತಿಕೊಳ್ಳುವಂಥದ್ದು. ತಪ್ಪಿ ಕೊಳವೆ ತೂತಾಗಿ ಸುಯ್ ಎಂದರೆ ಸ್ವಿಚ್ಚು ಮುಟ್ಟದೆ, ಬೆಂಕಿ ಕಡ್ಡಿ ಗೀರದೆ, ಕಿಟಕಿ ಬಾಗಿಲು ತೆರೆದು ಹೊರಬನ್ನಿ. ರಿಪೇರಿಯವರು ಬಂದಾಗ ಪಟ್ಟಿಯಲ್ಲಿ ಬರೆದ ಗ್ಯಾಸನ್ನೇ ಹಾಕುತ್ತಿದ್ದಾರೆಯೇ ಎಂದು ನಿಂತು ನೋಡಿ, ಆರ್600ಎ ಜಾಗಕ್ಕೆ ಆರ್134ಎ ತುಂಬಿಸಿದರೆ ಕಂಪ್ರೆಸರ್ ಉಳಿಯದು.

ಮಂಜೆಲ್ಲ ಇಳಿದ ಮೇಲೆ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ. ರಬ್ಬರಿನ ಮಡಿಕೆಯಲ್ಲಿ ನೀರು ಉಳಿದಿದ್ದರೆ ಬೆರಳಿಗೆ ಬಟ್ಟೆ ಸುತ್ತಿ ತೆಗೆಯಿರಿ, ಉಳಿದರೆ ಅದೇ ಹೆಪ್ಪುಗಟ್ಟಿ ಮುಚ್ಚಳವನ್ನು ಅಂಟಿಸುತ್ತದೆ. ಬಿರಡೆ ಹಾಕಿ ಪ್ಲಗ್ ಕೊಟ್ಟು, ಒಳಗಿಟ್ಟ ಥರ್ಮಾಮೀಟರ್ -18 ತೋರಿಸಿದ ಮೇಲೆ ಪೊಟ್ಟಣಗಳನ್ನು ಮರಳಿ ಜೋಡಿಸಿ, ಹಳೆಯ ತಾರೀಖಿನವು ಮೇಲೆ.